ಅರ್ಜೆಂಟೋ ಕಣ್ಣು ಮಂಜಾಯ್ತಾ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಇಟಲಿಯ ಹಾರರ್ ಡೈರೆಕ್ಟರ್ ಡಾರಿಯೋ ಅರ್ಜೆಂಟೋ ಬಗ್ಗೆ ಒಬ್ಬರು ಕೇಳಿದ್ದಕ್ಕೆ, "90ರ ಆಮೇಲಿನ ಸಿನಿಮಾಗಳು ಜನ ಬೈಯೋ ಅಷ್ಟೇನೂ ಕೆಟ್ಟದಾಗಿಲ್ಲ" ಅಂತ ಒಂದೇ ಸಾಲು ಬರೆದು ಮುಂದಕ್ಕೆ ಹೋಗ್ಬಿಟ್ಟಿದ್ದೆ. ಅದೇ ತಪ್ಪಾಯ್ತು ನೋಡಿ. ಕಾಲಂಗೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಇದೇ ವಿಷಯ, ಅದರಲ್ಲೂ ಕತೆ ಬಗ್ಗೆ ಯಾರಿಗೂ ತಕರಾರಿಲ್ಲ, ಎಲ್ಲರದ್ದೂ ಒಂದೇ ಜಗಳ, ಸಿನಿಮಾ ಯಾಕೆ ಹಾಗೆ ಕಾಣತ್ತೆ ಅಂತ. ಹಾಗಾಗಿ ಈ ಸಲ ಬೇರೆ ಪ್ರಶ್ನೆ ಎಲ್ಲ ಪಕ್ಕಕ್ಕಿಟ್ಟು ಇದನ್ನೇ ತಗೊಂಡಿದೀನಿ.

ಪ್ರಶ್ನೆ: ಶನಿವಾರ ರಾತ್ರಿ "ಸಸ್ಪೀರಿಯಾ" ನೋಡಿ ತಲೆ ಗಿರ್ ಅಂತು. ಭಾನುವಾರ ಅದೇ ಹುಮ್ಮಸ್ಸಲ್ಲಿ ಅದೇ ಮನುಷ್ಯನ "ದಿ ಕಾರ್ಡ್ ಪ್ಲೇಯರ್" ಹಾಕಿದೆ. ಇದೇನ್ ಸ್ವಾಮಿ, ಮಧ್ಯಾಹ್ನದ ಟೀವಿ ಸೀರಿಯಲ್ ಥರ ಇದೆ! 27 ವರ್ಷದಲ್ಲಿ ಒಬ್ಬ ಡೈರೆಕ್ಟರ್ ಕಣ್ಣೇ ಹೋಗ್ಬಿಡತ್ತಾ?

ಉತ್ತರ: ಕಣ್ಣು ಹೋಗಿಲ್ಲ, ಫಿಲಂ ಪ್ರಿಂಟ್ ಹಾಕೋ ಲ್ಯಾಬ್ ಹೋಯ್ತು. ತಮಾಷೆಗೆ ಹೇಳ್ತಿಲ್ಲ, ಅರ್ಧ ಉತ್ತರ ಅದೇ.

1977ರ ಸಸ್ಪೀರಿಯಾ, ಮಾಟಗಾತಿಯರು ನಡೆಸೋ ಡ್ಯಾನ್ಸ್ ಸ್ಕೂಲಿನ ಕತೆ, ಅದರ ಕೆಂಪು ಇದೆಯಲ್ಲ, ಗೋಡೆ ಮೇಲೆ ಸುರಿದ ಹಾಗೆ ಕಾಣೋದು, ಅದು ಎರಡು ಜಾಗದಲ್ಲಿ ಹುಟ್ಟಿದ್ದು. ಮೊದಲನೇದು ಸೆಟ್ಟಲ್ಲೇ. ಕ್ಯಾಮೆರಾಮನ್ ಲುಚಿಯಾನೋ ತೊವೊಲಿ ಬಣ್ಣದ ವೆಲ್ವೆಟ್ ಬಟ್ಟೆ, ಟಿಶ್ಯೂ ಪೇಪರು ಎಲ್ಲ ಫ್ರೇಮಿಗೆ ಕಟ್ಟಿ, ಅದರ ಹಿಂದೆ ಭಾರಿ ಲೈಟಿಟ್ಟು, ಅದನ್ನ ನಟಿಯರ ಮುಖದ ಹತ್ರ ಹತ್ರ ತಂದು ನಿಲ್ಲಿಸ್ತಿದ್ರು. ಅಂದ್ರೆ ಬಣ್ಣ ಆಮೇಲೆ ಹಚ್ಚಿದ್ದಲ್ಲ, ಶೂಟಿಂಗ್ ದಿನವೇ ನೆಗೆಟಿವ್ ಒಳಗೆ ಹೋಗಿ ಕೂತಿದ್ದು, ಬೇಡ ಅಂದ್ರೂ ತೆಗೆಯೋಕಾಗಲ್ಲ. ಎರಡನೇದು ಪ್ರಿಂಟು. ಸುಮಾರು ಜನ ಸಸ್ಪೀರಿಯಾನ ಮೂರು ಬಣ್ಣನ ಮೂರು ಬೇರೆ ಬೇರೆ ಫಿಲಂ ಪಟ್ಟಿ ಮೇಲೆ ಹಿಡಿಯೋ ಹಳೇ ಟೆಕ್ನಿಕಲರ್ ಕ್ಯಾಮೆರಾದಲ್ಲಿ ತೆಗೆದರು ಅಂತ ನಂಬಿದಾರೆ, ಅದು ಸುಳ್ಳು, ಶೂಟ್ ಮಾಡಿದ್ದು ಎಲ್ಲರೂ ಬಳಸ್ತಿದ್ದ ಮಾಮೂಲಿ ಈಸ್ಟ್‌ಮನ್ ಫಿಲಂನಲ್ಲೇ. ಪ್ರಿಂಟ್ ಹಾಕಿದ್ದು ಮಾತ್ರ ಟೆಕ್ನಿಕಲರ್ ಕಂಪನಿಯ ಡೈ ಟ್ರಾನ್ಸ್‌ಫರ್ ಪದ್ಧತಿಯಲ್ಲಿ, ಮೂರು ಬಣ್ಣಕ್ಕೆ ಮೂರು ಅಚ್ಚು ಮಾಡಿ ಒಂದಾದ ಮೇಲೊಂದು ಒತ್ತೋದು, ಬಟ್ಟೆಗೆ ಅಚ್ಚು ಹಾಕ್ತಾರಲ್ಲ ಹೆಚ್ಚುಕಮ್ಮಿ ಹಾಗೇ. ಅಮೆರಿಕದಲ್ಲಿ 70ರ ದಶಕದ ಮಧ್ಯಕ್ಕೇ ಆ ಕೆಲಸ ನಿಲ್ಲಿಸಿದ್ರು, ರೋಮ್‌ನ ಲ್ಯಾಬಲ್ಲಿ ಇನ್ನೊಂದಿಷ್ಟು ವರ್ಷ ಉಸಿರಾಡ್ತಿತ್ತು, ಇವರು ಆ ಕೊನೇ ಬಸ್ ಹತ್ತಿದೋರು. ಅರ್ಜೆಂಟೋ ತೊವೊಲಿಗೆ ಮಾದರಿ ಅಂತ ತೋರಿಸಿದ್ದು ಯಾವ ಸಿನಿಮಾ ಗೊತ್ತಾ? ಡಿಸ್ನಿಯ 1937ರ "ಸ್ನೋ ವೈಟ್". ಒಂದ್ಸಲ ಅದನ್ನ ತಲೇಲಿಟ್ಕೊಂಡು ನೋಡಿ, ಇಡೀ ಡ್ಯಾನ್ಸ್ ಸ್ಕೂಲು ಮಾಟಗಾತಿ ಮನೆಯಾಗಿ ಕಾಣತ್ತೆ.

ಇನ್ನರ್ಧ ಉತ್ತರ ಏನಂದ್ರೆ, ಬಣ್ಣ ಬಿಟ್ಟಿದ್ದು ಅವರೇ, ಬೇಕು ಅಂತಲೇ. ಅದೂ ಕಾರ್ಡ್ ಪ್ಲೇಯರ್ ಬಂದ 2004ರಲ್ಲಲ್ಲ. 1982ರ "ಟೆನೆಬ್ರೆ" ಹಾಕಿ ನೋಡಿ, ಆ ಹೆಸರಿನ ಅರ್ಥ ಕತ್ತಲೆ, ಆದ್ರೆ ಸಿನಿಮಾದಲ್ಲಿ ಕತ್ತಲೆ ಹುಡುಕಿದ್ರೂ ಸಿಗೋದು ಕಷ್ಟ, ಎಲ್ಲ ಬಿಳಿ ಗೋಡೆ, ಬಿಳಿ ಬಟ್ಟೆ, ಆಸ್ಪತ್ರೆ ಥರ ಚಪ್ಪಟೆ ಬೆಳಕು. ಕ್ಯಾಮೆರಾ ಮಾಡಿದ್ದು ಯಾರು? ಅದೇ ತೊವೊಲಿ! ಸಸ್ಪೀರಿಯಾ ಆಗಿ ಬರೀ ಐದು ವರ್ಷಕ್ಕೆ ಅದೇ ಇಬ್ಬರು ಕೂತು ಅದರ ತದ್ವಿರುದ್ಧ ತೆಗೆದಿದಾರೆ, ಮತ್ತೆ ಅದನ್ನ ಯಾರೂ ಟೀವಿ ಸೀರಿಯಲ್ ಅನ್ನಲ್ಲ.

ಕಾರ್ಡ್ ಪ್ಲೇಯರ್ ಕೂಡ ಆ ದಾರೀದೇ. ಅದಕ್ಕೆ ಕರೆಸಿದ್ದು ಬೆನುವಾ ಡೆಬೀನ, 2002ರ "ಇರ್‍ರಿವರ್ಸಿಬಲ್" ಕ್ಯಾಮೆರಾಮನ್, ಇರೋ ಬೆಳಕಲ್ಲೇ ಕೆಲಸ ಮಾಡೋದಕ್ಕೆ ಹೆಸರಾದ ಮನುಷ್ಯ. ಅಂಥವನ್ನ ಕರೆಸಿ ಆಮೇಲೆ ಅಯ್ಯೋ ಬಣ್ಣ ಬರ್ಲಿಲ್ಲ ಅಂತ ಯಾರಾದ್ರೂ ಅಳ್ತಾರಾ. ಕತೆ ನೆನಪು ಮಾಡ್ಕೊಳ್ಳಿ, ಕೊಲೆಗಾರ ಪೊಲೀಸರ ಜೊತೆ ಇಂಟರ್ನೆಟ್ಟಲ್ಲಿ ಪೋಕರ್ ಆಡ್ತಾನೆ, ಅವರು ಸೋತ್ರೆ ಒತ್ತೆ ಇಟ್ಕೊಂಡಿರೋ ಹುಡುಗಿ ಸಾಯ್ತಾಳೆ. ಸ್ಕ್ರೀನ್ ಮೇಲೆ ಇಸ್ಪೀಟೆಲೆ, ಒಂದು ಕಡೆ ವೆಬ್‌ಕ್ಯಾಮ್ ಕಿಟಕಿ, ಅದರಲ್ಲಿ ಕಲೆಸಿದ ಹಾಗಿರೋ ಒಂದು ಮುಖ, ಬಾಯಿ ಅಲ್ಲಾಡೋದು ಗೊತ್ತಾಗತ್ತೆ, ಅಷ್ಟೇ. ಸುತ್ತ ಆಫೀಸಲ್ಲಿ ಟ್ಯೂಬ್‌ಲೈಟ್ ಉರೀತಿದೆ, ಜನ ನಿಂತ್ಕೊಂಡು ನೋಡ್ತಿದಾರೆ, ಯಾರ ಕೈಲೂ ಏನೂ ಮಾಡೋಕಾಗ್ತಿಲ್ಲ. ಆ ರೂಮಿಗೆ ನೀಲಿ ಕೆಂಪು ಲೈಟ್ ಹಾಕಿದ್ರೆ ಆ ಪುಟ್ಟ ಕಿಟಕಿ ಸತ್ತೋಗ್ತಿತ್ತು. ಹಾಗಂತ ಸಿನಿಮಾ ಪೂರ್ತಿ ಚೆನ್ನಾಗಿದೆ ಅಂದ್ನಾ? ಇಲ್ಲ. ಆ ರೂಮಿಂದ ಆಚೆ ಬಂದ ತಕ್ಷಣ ಕ್ಯಾಮೆರಾಗೆ ಏನು ನೋಡಬೇಕು ಅಂತಲೇ ಗೊತ್ತಿಲ್ಲದ ಹಾಗಾಗತ್ತೆ. ಅದು ಬೇರೆ ಕಾಯಿಲೆ, ಕೆಳಗೆ ಬರ್ತೀನಿ.

ಪ್ರಶ್ನೆ: ಸುತ್ತಿಬಳಸಿ ಯಾಕೆ ಹೇಳ್ತೀರಿ, ಕ್ಯಾಮೆರಾಮನ್ ಬದಲಾದ, ಸಿನಿಮಾ ಕೆಡ್ತು. ಒಳ್ಳೇ ಕ್ಯಾಮೆರಾಮನ್ ಕೊಟ್ಟಿದ್ರೆ ಅರ್ಜೆಂಟೋ ಈಗ್ಲೂ ಅದೇ ಅರ್ಜೆಂಟೋ.

ಉತ್ತರ: ಈ ವಾದ "ಡ್ರಾಕುಲಾ 3ಡಿ" ಮುಂದೆ ನಿಲ್ಲಲ್ಲ. 2012ರದ್ದು, ಕ್ಯಾನ್ಸ್ ಉತ್ಸವದಲ್ಲಿ ಸ್ಪರ್ಧೆಯ ಹೊರಗೆ ತೋರಿಸಿದ್ರು, ಕ್ಯಾಮೆರಾ ತೊವೊಲೀನೇ. ಅದೇ ಕೈ, ಅದೇ ಡೈರೆಕ್ಟರ್, ಮತ್ತೆ ಪರದೆ ಮೇಲೆ ಬಂದಿದ್ದು ಆಳೆತ್ತರದ ಮ್ಯಾಂಟಿಸ್, ಮಿಡತೆ ಥರದ ಹುಳ. ನೋಡದೇ ಇರೋರಿಗೆ ಹೇಳ್ತೀನಿ, ನಿಜವಾಗ್ಲೂ ಡ್ರಾಕುಲಾ ಒಂದು ದೊಡ್ಡ ಹಸಿರು ಮ್ಯಾಂಟಿಸ್ ಆಗಿ ಬಂದು ಒಬ್ಬನ್ನ ಕೊಲ್ತಾನೆ, ನಾನು ರಿಮೋಟ್ ಕೈಲಿ ಹಿಡ್ಕೊಂಡು ಹಿಂದಕ್ಕೆ ಹೋಗಿ ಎರಡು ಸಲ ನೋಡಿದೆ, ನನ್ನ ಕಣ್ಣೇ ನಂಬಲಿಲ್ಲ.

ಅಲ್ಲಿ 3ಡಿ ಕೂಡ ಕೈ ಕಟ್ಟಿತ್ತು ಅನ್ನೋದು ನ್ಯಾಯವಾಗಿ ಹೇಳಬೇಕು. ಕನ್ನಡಕ ಹಾಕಿದ್ರೆ ಪರದೆ ಬೆಳಕಲ್ಲಿ ದೊಡ್ಡ ಪಾಲು ಕಣ್ಣಿಗೆ ಬರೋದೇ ಇಲ್ಲ, ಹಾಗಾಗಿ ಚಿತ್ರ ಜಾಸ್ತಿ ಬೆಳಕಲ್ಲಿ ತೆಗೀಬೇಕು, ಆಳ ಗೊತ್ತಾಗಬೇಕು ಅಂದ್ರೆ ಹಿಂದೆ ಮುಂದೆ ಎಲ್ಲ ಚೊಕ್ಕವಾಗಿ ಕಾಣಬೇಕು. ಭಯದ ಸಿನಿಮಾಗೆ ಇವೆರಡೂ ಆಗಿಬರಲ್ಲ. ಅದನ್ನೇ ಕನ್ನಡಕ ಇಲ್ಲದೆ ಮನೆ ಟೀವೀಲಿ ನೋಡಿದ್ರೆ ಮದುವೆ ವಿಡಿಯೋ.

ಇನ್ನು "ಒಳ್ಳೇ ಕ್ಯಾಮೆರಾಮನ್ ಸಿಗಲಿಲ್ಲ" ಅನ್ನೋದಂತೂ ಸುಳ್ಳೇ. 1970ರ ಮೊದಲನೇ ಸಿನಿಮಾಗೆ ವಿತ್ತೋರಿಯೋ ಸ್ತೊರಾರೋ, ಸರಿ, ಅದು ಹಳೇ ಕಾಲ ಅಂತೀರಿ. 1996ರ "ಸ್ಟೆಂಡಾಲ್ ಸಿಂಡ್ರೋಮ್"ಗೆ ಜುಸೆಪ್ಪೆ ರೊತುನ್ನೋ, ಇಟಲಿಯ ದೊಡ್ಡ ಡೈರೆಕ್ಟರ್‌ಗಳಾದ ಫೆಲಿನಿ ಮತ್ತೆ ವಿಸ್ಕೊಂತಿ ಜೊತೆ ದುಡಿದೋರು. 1998 ಮತ್ತೆ 2001ಕ್ಕೆ ರಾನೀ ಟೇಲರ್, "ಗಾಂಧಿ" ಸಿನಿಮಾಗೆ ಆಸ್ಕರ್ ಹಂಚಿಕೊಂಡೋರು. ಇಷ್ಟು ದೊಡ್ಡ ಪಟ್ಟಿ ಯಾವ ಹಾರರ್ ಡೈರೆಕ್ಟರ್‌ಗೆ ಸಿಕ್ಕಿದೆ ಹೇಳಿ. ಟೇಲರ್ 1987ರ "ಒಪೆರಾ"ದಲ್ಲಿ ಕಾಗೆ ಕಣ್ಣಲ್ಲಿ ಇಡೀ ಥಿಯೇಟರ್ ಸುತ್ತು ಹೊಡೆಸ್ತಾರೆ, ಕೂತಿರೋ ಜನದ ತಲೆ ಮೇಲೆ ಗಿರಗಿರ ತಿರುಗ್ತಾ ಕ್ಯಾಮೆರಾ ಕೆಳಗೆ ಇಳಿಯತ್ತೆ, ಹೊಟ್ಟೆ ತೊಳಸತ್ತೆ. ಹನ್ನೊಂದು ವರ್ಷ ಆದ್ಮೇಲೆ ಅದೇ ಟೇಲರ್, ಅದೇ ಒಪೆರಾ ಥಿಯೇಟರ್ ಕತೆ, "ಫ್ಯಾಂಟಮ್ ಆಫ್ ದಿ ಒಪೆರಾ", ಪಿಕ್ಚರ್ ಪೋಸ್ಟ್‌ಕಾರ್ಡ್ ಥರ ಇದೆ. ಚಂದ ಇದೆ, ಭಯ ಇಲ್ಲ.

ಪ್ರಶ್ನೆ: ನನಗೂ ನನ್ನ ಫ್ರೆಂಡ್‌ಗೂ ಮಾತು ಬಿಟ್ಟು ಹೋಗೋ ಮಟ್ಟಕ್ಕೆ ಬಂದಿದೆ. ಅವನು "ಸ್ಟೆಂಡಾಲ್ ಸಿಂಡ್ರೋಮ್"ನೇ ಅರ್ಜೆಂಟೋ ಕೊನೇ ಮಾಸ್ಟರ್‌ಪೀಸ್ ಅಂತಾನೆ. ನನಗೆ ಆ ಗ್ರಾಫಿಕ್ಸ್ ನೋಡಿದ್ರೆ ನಗು ಬರತ್ತೆ. ಯಾರು ಸರಿ?

ಉತ್ತರ: ಇಬ್ಬರೂ ಸರಿ, ಮಾತಾಡ್ಕೊಳ್ಳಿ.

ಕಲಾಕೃತಿ ನೋಡಿ ತಲೆ ಸುತ್ತಿ ಬೀಳೋ ಕಾಯಿಲೆಗೆ ಆ ಹೆಸರು ಕೊಟ್ಟಿದ್ದು ಫ್ಲಾರೆನ್ಸ್ ಆಸ್ಪತ್ರೆಯ ಮನೋವೈದ್ಯೆ ಗ್ರಾಜಿಯೆಲ್ಲಾ ಮಘೆರೀನಿ, 1817ರಲ್ಲಿ ಅದೇ ಊರಿಗೆ ಬಂದ ಫ್ರೆಂಚ್ ಲೇಖಕ ಸ್ಟೆಂಡಾಲ್‌ಗೆ ಹಾಗೇ ಆಗಿತ್ತು ಅಂತ. ಅರ್ಜೆಂಟೋ ಆ ವೈದ್ಯೆಯ ಪುಸ್ತಕದಿಂದ ಸಿನಿಮಾ ಎತ್ತಿದ್ರು. ಶುರುವಿನ ಹತ್ತು ನಿಮಿಷ ಫ್ಲಾರೆನ್ಸಿನ ನಿಜವಾದ ಉಫ್ಫೀತ್ಸಿ ಮ್ಯೂಸಿಯಂ ಒಳಗೇ ತೆಗೆದಿದ್ದು, ನಾಯಕಿ ಏಷ್ಯಾ ಅರ್ಜೆಂಟೋ, ಡೈರೆಕ್ಟರ್ ಮಗಳೇ, ಜನಜಂಗುಳಿ ಮಧ್ಯ ನಡೀತಾ ನಡೀತಾ ಒಂದೊಂದೇ ಚಿತ್ರದ ಹತ್ರ ಹೋಗ್ತಾಳೆ, ಚಿತ್ರಗಳು ಅವಳನ್ನ ನೋಡ್ತಿರೋ ಹಾಗೆ ಕ್ಯಾಮೆರಾ ಕೂತಿದೆ, ಸದ್ದು ಬೇರೆ ಮಾಡ್ತವೆ, ಕೊನೆಗೆ ಹಳೇ ಚಿತ್ರಕಾರ ಬ್ರೂಗಲ್ ಬರೆದಿದ್ದು ಅಂತ ಹೇಳೋ ಇಕಾರಸ್ ಚಿತ್ರದ ಸಮುದ್ರದೊಳಗೆ ಧುಮುಕಿ ನೀರಡಿಯಲ್ಲಿ ಒಂದು ಮೀನಿಗೆ ಮುತ್ತು ಕೊಡ್ತಾಳೆ. ಅಸಲಿಗೆ ಆ ಚಿತ್ರ ಇರೋದು ಬ್ರಸೆಲ್ಸ್‌ನಲ್ಲಿ, ಫ್ಲಾರೆನ್ಸಲ್ಲಲ್ಲ, ಆದ್ರೆ ಕನಸಲ್ಲಿ ವಿಳಾಸ ಯಾರು ಕೇಳ್ತಾರೆ. ನಿಮ್ಮ ಫ್ರೆಂಡ್‌ಗೆ ಇಷ್ಟಕ್ಕೇ ನೂರು ಮಾರ್ಕ್ಸ್.

ನಿಮ್ಮ ಪಾಲು ಏನಂದ್ರೆ ಆ ಗ್ರಾಫಿಕ್ಸು. ಕಂಪ್ಯೂಟರ್ ಚಿತ್ರ ಬಳಸಿದ ಮೊದಲ ಇಟಾಲಿಯನ್ ಸಿನಿಮಾ ಅಂತ ಇದನ್ನ ಹೇಳ್ತಾರೆ. ಹುಡುಗಿ ಮಾತ್ರೆ ನುಂಗ್ತಾಳೆ, ನಾವು ಮಾತ್ರೆ ಜೊತೆಗೇ ಗಂಟಲೊಳಗೆ ಇಳೀತೀವಿ. ಐಡಿಯಾ ಪಕ್ಕಾ ಅರ್ಜೆಂಟೋದು, ಈ ಮನುಷ್ಯನಿಗೆ ಯಾವಾಗ್ಲೂ ಕ್ಯಾಮೆರಾ ಹೋಗಬಾರದ ಜಾಗಕ್ಕೇ ಹೋಗಬೇಕು, ಒಪೆರಾದಲ್ಲಿ ಬಾಗಿಲ ಕಿಂಡಿ ತೂತೊಳಗೆ ಗುಂಡು ಬರೋದನ್ನ ತೋರಿಸಿರ್ಲಿಲ್ವಾ? ಆದ್ರೆ ಆ ಗುಂಡಿಗೆ ತೂಕ ಇತ್ತು, ಅದು ಯಾರೋ ಕೈಯಲ್ಲಿ ಮಾಡಿ ಕ್ಯಾಮೆರಾ ಮುಂದೆ ಇಟ್ಟಿದ್ದು. ಮಾತ್ರೆಗೆ ತೂಕ ಇಲ್ಲ, ಬಲೂನ್ ಥರ ತೇಲತ್ತೆ. 1996ಕ್ಕೆ ಅಷ್ಟೇ ಆಗ್ತಿತ್ತು ಅನ್ನಬಹುದು, ಆದ್ರೂ ನಗು ಬಂದ್ರೆ ಬಂತು, ತಡೆಯೋಕಾಗಲ್ಲ.

ಪ್ರಶ್ನೆ: ಎಲ್ಲಕ್ಕೂ ಒಂದೊಂದು ಸಬೂಬು ಕೊಡ್ತಿದೀರಿ. ಹಾಗಾದ್ರೆ "ಮದರ್ ಆಫ್ ಟಿಯರ್ಸ್"ನೂ ಸಮರ್ಥಿಸಿ ನೋಡೋಣ. ಸಸ್ಪೀರಿಯಾ, ಇನ್‌ಫರ್ನೋ ಆದ್ಮೇಲೆ 27 ವರ್ಷ ಕಾಯಿಸಿ ಕೊಟ್ಟಿದ್ದು ಇದಾ?

ಉತ್ತರ: ಇಲ್ಲ, ಇದನ್ನ ನನ್ನ ಕೈಲಿ ಆಗಲ್ಲ. ಆದ್ರೆ ಬೈಯೋದಾದ್ರೆ ಸರಿಯಾದ ಜಾಗಕ್ಕೆ ಬೈಯೋಣ. ಎಲ್ಲರೂ ಬಣ್ಣ ಇಲ್ಲ ಬಣ್ಣ ಇಲ್ಲ ಅಂತ ಅಳ್ತಾರೆ, ನನ್ನ ಪ್ರಕಾರ ಅಲ್ಲಿ ಇಲ್ಲದೇ ಇರೋದು ಮನೆ.

ಈ ಮೂರೂ ಸಿನಿಮಾ ಸೇರಿ ಒಂದೇ ಕತೆ: ಮೂರು ಮಾಟಗಾತಿಯರು, ಮೂವರಿಗೂ ಒಬ್ಬನೇ ವಾಸ್ತುಶಿಲ್ಪಿ ಕಟ್ಟಿಕೊಟ್ಟ ಮೂರು ಮನೆ, ಒಂದು ಫ್ರೈಬರ್ಗ್, ಒಂದು ನ್ಯೂಯಾರ್ಕ್, ಒಂದು ರೋಮ್. ಇಡೀ ಕತೆಗೆ ಬುಡವೇ ಕಟ್ಟಡ! ಸಸ್ಪೀರಿಯಾದಲ್ಲಿ ಬಾಗಿಲ ಹಿಡಿಕೆಗಳು ಯಾಕೋ ಎತ್ತರದಲ್ಲಿವೆ, ಮೊದಲು ಪುಟ್ಟ ಹುಡುಗಿಯರನ್ನ ಹಾಕ್ಕೊಂಡು ಸಿನಿಮಾ ಮಾಡಬೇಕು ಅಂತಿತ್ತಂತೆ, ಅದು ಆಗ್ಲಿಲ್ಲ, ದೊಡ್ಡೋರನ್ನ ಹಾಕ್ಕೊಂಡ್ರು, ಹಿಡಿಕೆ ಮಾತ್ರ ಮೇಲೇ ಇಟ್ರು. ಗಮನಿಸದೇ ಇರೋರಿಗೂ ಮೈ ಚಿಕ್ಕದಾದ ಹಾಗನ್ಸತ್ತೆ. 1980ರ ಇನ್‌ಫರ್ನೋದಲ್ಲಿ ನೆಲಮಾಳಿಗೆಯ ನೀರು ತುಂಬಿದ ತೂತಿಗೆ ಬೀಗದ ಕೈ ಬಿದ್ದೋಗತ್ತೆ, ಹುಡುಗಿ ತಗೊಳ್ಳೋಕೆ ಇಳೀತಾಳೆ, ಕೆಳಗೆ ನೋಡಿದ್ರೆ ಗುಂಡಿಯಲ್ಲ, ಮುಳುಗಿದ ಒಂದು ಇಡೀ ಹಾಲು, ಕುರ್ಚಿ, ದೀಪ, ಗೋಡೆಗೆ ಚಿತ್ರಪಟ. ಇದರಲ್ಲಿ ಬಣ್ಣ ತೆಗೆದು ಕಪ್ಪುಬಿಳುಪು ಮಾಡಿ, ಆಗ್ಲೂ ಉಸಿರು ಕಟ್ಟತ್ತೆ, ಯಾಕಂದ್ರೆ ಆ ಕಟ್ಟಡಕ್ಕೆ ನಮಗೆ ಗೊತ್ತಿಲ್ಲದ ಹೊಟ್ಟೆ ಇದೆ. ಟೆನೆಬ್ರೆಯಲ್ಲಿ ಕ್ರೇನ್ ಮೇಲಿನ ಕ್ಯಾಮೆರಾ ಎರಡೂವರೆ ನಿಮಿಷ ಒಂದು ಮನೆಯ ಗೋಡೆ ಹತ್ತಿ, ಹೆಂಚು ಸವರಿ, ಆ ಕಡೆ ಕಿಟಕಿಗೆ ಇಳಿಯತ್ತಲ್ಲ, ಕತೆಗೆ ಅದರಿಂದ ನಯಾಪೈಸೆ ಉಪಯೋಗ ಇಲ್ಲ, ಆದ್ರೆ ಅದಾದ್ಮೇಲೆ ಆ ಮನೆಯ ಪ್ರತಿ ತೂತೂ ನಮಗೆ ಗೊತ್ತು, ಕೊಲೆಗಾರ ಎಲ್ಲಿಂದ ಬೇಕಾದ್ರೂ ಬರಬಹುದು ಅಂತ ಗೊತ್ತು.

2007ರ "ಮದರ್ ಆಫ್ ಟಿಯರ್ಸ್"ನಲ್ಲಿ ಮೂರನೇ ಮಾಟಗಾತಿಯ ಮನೆಗೆ ಕೊನೆಗೂ ಹೋಗ್ತೀವಿ, ಮತ್ತೆ ಅದು ಒಂದು ಹಾಳು ಮನೆ. ಅಷ್ಟೇ. ಇನ್ಯಾವ ಸಿನಿಮಾದಲ್ಲಾದ್ರೂ ಇರೋ ಹಾಳು ಮನೆ. ದುಡ್ಡಿನ ಕತೆ ಇದರಲ್ಲಿ ಇದ್ದೇ ಇದೆ, ಇಟಲಿಯಲ್ಲಿ ಖಾಸಗಿ ಟೀವಿ ಬಂದ್ಮೇಲೆ ಥಿಯೇಟರ್ ಜನ ಕರಗಿ ಹೋದ್ರು, 80ರ ದಶಕ ಮುಗಿಯೋ ಹೊತ್ತಿಗೆ ಟೀವಿ ದುಡ್ಡಿಲ್ಲದೆ ಅಲ್ಲಿ ಸಿನಿಮಾ ಎತ್ತೋದೇ ಕಷ್ಟ ಆಯ್ತು, ಸಸ್ಪೀರಿಯಾಗೆ ರೋಮ್ ಸ್ಟುಡಿಯೋದಲ್ಲಿ ಕಟ್ಟಿಸಿದಂಥ ಸೆಟ್ಟು ಇನ್ನೆಲ್ಲಿ. ಒಪ್ತೀನಿ. ಆದ್ರೆ ಟೆನೆಬ್ರೆ ಮನೆ ಮಾಮೂಲಿ ಮನೆಯೇ, ಅದನ್ನ ಕೋಟೆ ಮಾಡಿದ್ದು ದುಡ್ಡಲ್ಲ, ಅದರ ಸುತ್ತ ತಿರುಗಬೇಕು ಅನ್ನೋ ಚಪಲ. ಆ ಚಪಲ ಕಮ್ಮಿಯಾಗಿದೆ, ನನ್ನ ದೂರು ಅದೊಂದೇ.

ಪ್ರಶ್ನೆ: 2000 ಆದ್ಮೇಲೆ ಒಂದಾದ್ರೂ ಶಾಟ್, ಒಂದೇ ಒಂದು ಶಾಟ್, ಹಳೇ ಅರ್ಜೆಂಟೋ ಪಕ್ಕ ಇಡೋ ಅಂಥದ್ದು ಇದೆಯಾ?

ಉತ್ತರ: ಎರಡಿವೆ.

2001ರ "ಸ್ಲೀಪ್‌ಲೆಸ್". ಥಿಯೇಟರ್ ಒಳಗಿನ ಉದ್ದ ಕಾರ್ಪೆಟ್. ಕ್ಯಾಮೆರಾ ನೆಲಕ್ಕೆ ಅಂಟಿಕೊಂಡು, ಇಲಿ ಎತ್ತರದಲ್ಲಿ, ನಿಧಾನಕ್ಕೆ ಹೋಗ್ತಾ ಇದೆ. ಮುಖ ಒಂದೂ ಕಾಣಲ್ಲ, ಬರೀ ಕಾಲು. ಯಾರೋ ಅವಸರದಲ್ಲಿ ದಾಟ್ತಾರೆ, ಕ್ಯಾಮೆರಾ ತಲೆ ಕೆಡಿಸ್ಕೊಳ್ಳಲ್ಲ, ಮುಂದೆ ಹೋಗ್ತಾನೇ ಇರತ್ತೆ, ನಮಗೆ ಕೋಪ ಬರೋಕೆ ಶುರುವಾಗತ್ತೆ, ಇನ್ನೆಷ್ಟು ಉದ್ದ ಇದೆಯಪ್ಪ ಈ ಕಾರ್ಪೆಟ್ಟು ಅಂತ, ಆ ಕೋಪ ಯಾವಾಗ ಭಯ ಆಯ್ತೋ ಗೊತ್ತಾಗಲ್ಲ, ಯಾಕಂದ್ರೆ ಇಷ್ಟು ಖಚಿತವಾಗಿ ಹೋಗ್ತಿದೆ ಅಂದ್ರೆ ಅದಕ್ಕೆ ಎಲ್ಲಿಗೆ ಅಂತ ಗೊತ್ತಿದೆ. ಕೊನೆಗೆ ಒಂದು ಜೊತೆ ಕಾಲು ಒದ್ದಾಡತ್ತೆ, ಮುಖ ಕಾಣೋದು ಆಮೇಲೆ, ತಲೆ ಕೆಳಗೆ ಬಿದ್ದಾಗ. ಅದರಲ್ಲಿ ಏನು ಬಣ್ಣ ಇದೆ ಹೇಳಿ, ಒಂದು ಕಾರ್ಪೆಟ್ಟು. ಆದ್ರೆ ಜಾಗ ಇದೆ, ಉದ್ದ ಇದೆ, ತಾಳ್ಮೆ ಇದೆ.

ಎರಡನೇದು 2022ರ "ಡಾರ್ಕ್ ಗ್ಲಾಸಸ್" ಶುರು. ತೆಗೆದಾಗ ವಯಸ್ಸು 80 ದಾಟಿತ್ತು. ರೋಮ್ ಬೀದಿಯಲ್ಲಿ ನಾಯಕಿ ಕಾರು ಓಡಿಸ್ಕೊಂಡು ಹೋಗ್ತಿದಾಳೆ, ಜನ ಎಲ್ಲ ಮೇಲೆ ನೋಡ್ತಾ ನಿಂತಿದಾರೆ, ಕಾರು ನಿಲ್ಲಿಸಿ ಪಾರ್ಕಿಗೆ ಬರ್ತಾಳೆ, ಗ್ರಹಣ, ನಾಯಿ ಬೊಗಳ್ತವೆ, ಹಗಲು ಬತ್ತಿ ಹೋಗತ್ತೆ. ಕಪ್ಪು ಕನ್ನಡಕ ಹಾಕಿದ್ರೂ ಅವಳಿಗೆ ಕಣ್ಣು ಉರಿ. ಮುಂದೆ ಇವಳೇ ಕುರುಡಿ ಆಗ್ತಾಳೆ, ಅದನ್ನ ಒಂದು ಮಾತೂ ಆಡದೆ ಆಕಾಶದಲ್ಲೇ ಬರೆದು ತೋರಿಸಿಬಿಟ್ಟಿದಾರೆ. ಆಮೇಲಿನ ಸಿನಿಮಾ ಅಷ್ಟಕ್ಕಷ್ಟೇ, ನೀರುಹಾವಿನ ಸೀನಿನ ಬಗ್ಗೆ ನನ್ನನ್ನ ಕೇಳ್ಬೇಡಿ.

ಪ್ರಶ್ನೆ: 2018ರಲ್ಲಿ ಇಟಲಿಯ ಇನ್ನೊಬ್ಬ ಡೈರೆಕ್ಟರ್ ಗ್ವಾದಾನ್ಯೀನೋ ಮಾಡಿದ ಹೊಸ ಸಸ್ಪೀರಿಯಾದಲ್ಲಿ ಬಣ್ಣನೇ ಇಲ್ಲ, ಅದನ್ನ ವಿಮರ್ಶಕರು ಹೊಗಳ್ತಾರೆ, ಅರ್ಜೆಂಟೋ ಬಣ್ಣ ಬಿಟ್ರೆ ಬೈತಾರೆ. ಇದ್ಯಾವ ನ್ಯಾಯ?

ಉತ್ತರ: ನ್ಯಾಯ ಇಲ್ಲ, ಪ್ರೀತಿ ಜಾಸ್ತಿ ಅಷ್ಟೇ. ಮೇಷ್ಟ್ರ ಮಗ ಫೇಲಾದ್ರೆ ಊರಿಗೆಲ್ಲ ಸುದ್ದಿ. ಅಲ್ಲದೆ ಆ ಸಿನಿಮಾದ ಬೂದು ಬಣ್ಣ ಅದರ 1977ರ ಬರ್ಲಿನ್ನಿನ ಚಳಿಗೆ ಹೊಂದತ್ತೆ, ಗೋಡೆ, ಮಳೆ, ಹಿಮ ಎಲ್ಲ ಒಂದೇ ಮೈ. ನನಗೇನೋ ಅದು ಗೌರವ ಬರೋ ಸಿನಿಮಾ, ಮತ್ತೆ ನೋಡಬೇಕು ಅನ್ಸೋದು ಹಳೇದೇ.

ಪ್ರಶ್ನೆ: ಸಸ್ಪೀರಿಯಾ ಯಾವ ಪ್ರಿಂಟ್ ನೋಡ್ಬೇಕು? ಒಂದೊಂದರಲ್ಲಿ ಒಂದೊಂದು ಕೆಂಪು.

ಉತ್ತರ: ತೊವೊಲಿ ಪಕ್ಕದಲ್ಲಿ ಕೂತು ಬಣ್ಣ ಒಪ್ಪಿಕೊಂಡ 4ಕೆ ಪ್ರತಿ ಇದೆ, 2017ರ ಸುಮಾರಿಗೆ ಬಂದಿದ್ದು, ಸಿಕ್ಕಿದ್ರೆ ಅದನ್ನೇ ನೋಡಿ. ಶುರುವಿನ ಏರ್‌ಪೋರ್ಟ್ ಸೀನಲ್ಲೇ ಪರೀಕ್ಷೆ ಮಾಡಬಹುದು, ಆ ತಾನೇ ತೆರೆಯೋ ಗಾಜಿನ ಬಾಗಿಲು, ತೆರೆದಾಗ ಸಂಗೀತ ಒಳಗೆ ನುಗ್ಗತ್ತೆ, ಮುಚ್ಚಿದ್ರೆ ನಿಲ್ಲತ್ತೆ, ಮಧ್ಯದಲ್ಲಿ ಬಾಗಿಲ ಕಬ್ಬಿಣದ ಯಂತ್ರ ಸರಕ್ ಅಂತ ಜಾರೋದನ್ನ ಕ್ಲೋಸಪ್ಪಲ್ಲಿ ತೋರಿಸ್ತಾರೆ. ಆ ಯಂತ್ರ ಜಾರೋದು ವಿಡಿಯೋ ಗೇಮ್ ಥರ ನುಣ್ಣಗೆ ಕಂಡ್ರೆ ತಪ್ಪು ಪ್ರಿಂಟಿಂದಲ್ಲ, ನಿಮ್ಮ ಟೀವಿಯಲ್ಲಿ ಮೋಷನ್ ಸ್ಮೂತಿಂಗ್ ಆನ್ ಆಗಿದೆ, ಇಲ್ಲದ ಫ್ರೇಮುಗಳನ್ನ ಟೀವಿನೇ ಹುಟ್ಟಿಸಿ ಮಧ್ಯ ತುರುಕ್ತಿದೆ. ಸೆಟ್ಟಿಂಗ್ಸಿಗೆ ಹೋಗಿ ಆಫ್ ಮಾಡಿ. ಭಾನುವಾರ ಕಾರ್ಡ್ ಪ್ಲೇಯರ್ ನೋಡಿ ಸೀರಿಯಲ್ ಥರ ಇದೆ ಅಂತ ಬರೆದೋರೇ, ನೀವೂ ಒಂದ್ಸಲ ಚೆಕ್ ಮಾಡಿ. ಅದು ಆನ್ ಇದ್ದಿದ್ದೇ ಆದ್ರೆ ನಿಮ್ಮ ಪ್ರಶ್ನೆಗೆ ನಾನು ಇಷ್ಟುದ್ದ ಉತ್ತರ ಬರೆದಿದ್ದು ದಂಡ.